ಬಿಸಿಲಿಗೆ ತಕ್ಕ ದಾರ: ಉಪ್ಪುನೀರಿನ ಬಯಲುಗಳಲ್ಲಿ ಫ್ಲೈ ಲೈನಿನ ಆಯ್ಕೆ, ಆರೈಕೆ

ಫ್ಲಾರಿಡಾದ ದಕ್ಷಿಣ ತುದಿಯಿಂದ ಕಡಲಿಗೆ ಚಾಚಿಕೊಂಡ ಕೀಸ್ ದ್ವೀಪಮಾಲೆ. ಜೂನ್ ತಿಂಗಳ ಬೆಳಗ್ಗೆ. ಮೊಣಕಾಲು ಮುಳುಗದಷ್ಟು ನೀರು, ತಳದಲ್ಲಿ ಕಡಲಹುಲ್ಲು, ಅಲ್ಲಲ್ಲಿ ಬಿಳಿ ಮರಳಿನ ತೇಪೆ. ಐವತ್ತು ಅಡಿ ಆಚೆ ಒಂದು ಬೋನ್‌ಫಿಶ್ ಮೂತಿಯನ್ನು ಮರಳಿಗೆ ಊರಿ ಏಡಿ ಕೆದಕುತ್ತಿತ್ತು. ಬಾಲದ ತುದಿ ನೀರಿನ ಮೇಲೆದ್ದು ಕನ್ನಡಿ ಚೂರಿನ ಹಾಗೆ ಹೊಳೆಯುತ್ತಿತ್ತು. ರಾಡ್ ಎತ್ತಿ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಬೀಸಿ ಲೈನನ್ನು ಬಿಟ್ಟೆ. ದೋಣಿಯ ಹಲಗೆಯ ಮೇಲೆ ಸುರುಳಿಯಾಗಿ ಬಿದ್ದಿದ್ದ ಲೈನು ಮೇಲೇಳಲೇ ಇಲ್ಲ. ಬಿಸಿಲಿಗೆ ಕಾದು, ಬೆಂದ ಶ್ಯಾವಿಗೆಯಂತೆ ಮೆತ್ತಗಾಗಿ, ರಾಡಿನ ಉಂಗುರಗಳಿಗೆ ಅಂಟಿಕೊಂಡಿತು. ಫ್ಲೈ ಮೂವತ್ತು ಅಡಿಗೇ ಬಿತ್ತು. ಬೋನ್‌ಫಿಶ್ ಬಾಲ ಒಳಗೆಳೆದುಕೊಂಡು ಮರೆಯಾಯಿತು.

ಆ ಲೈನನ್ನು ನನಗೆ ಕೊಟ್ಟ ಅಂಗಡಿಯವರು ‘ಎಲ್ಲ ನೀರಿಗೂ ಆಗುತ್ತದೆ’ ಎಂದಿದ್ದರು. ಅದು ತಣ್ಣನೆಯ ಬೆಟ್ಟದ ತೊರೆಗಳಲ್ಲಿ ಟ್ರೌಟ್ ಹಿಡಿಯಲು ಮಾಡಿದ ಲೈನು. ಆ ತೊರೆಯಲ್ಲಿ ಅದು ಸೊಗಸಾಗಿ ಹಾರುತ್ತದೆ. ಉಷ್ಣವಲಯದ ಬಿಸಿಲಲ್ಲಿ ಅದರ ಕೈಲಿ ಆಗುವುದಿಲ್ಲ. ಆವತ್ತಿನಿಂದ ನನ್ನ ಮನಸ್ಸಿನಲ್ಲಿ ನಿಂತ ಮಾತನ್ನು ಈ ಲೇಖನದ ಉದ್ದಕ್ಕೂ ವಿಸ್ತರಿಸಿ ಹೇಳಬೇಕೆಂದಿದ್ದೇನೆ. ಉಪ್ಪುನೀರಿನ ಬಯಲುಗಳಿಗೆ ಹೊರಡುವವರು ರಾಡಿಗೆ, ರೀಲಿಗೆ ಕೊಡುವ ಗಮನದ ಅರ್ಧದಷ್ಟನ್ನಾದರೂ ಲೈನಿಗೆ ಕೊಡಬೇಕು. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ನೀರು, ಗಾಳಿ, ದೋಣಿಯ ಹಲಗೆ ಎಷ್ಟು ಕಾಯುತ್ತವೆ ಎಂಬುದು. ಯಾವ ಮೀನು, ಎಷ್ಟು ತೂಕ, ಯಾವ ಬಣ್ಣ ಎಂಬುವೆಲ್ಲ ಆಮೇಲಿನವು.

ಎಸೆಯುವುದೇ ದಾರವನ್ನು

ನಮ್ಮ ಹೊಳೆದಂಡೆಗಳಲ್ಲಿ ಗಾಳ ಹಾಕುವವರನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ದಾರದ ತುದಿಯಲ್ಲಿ ಸೀಸದ ಗುಂಡು ಇರುತ್ತದೆ. ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಗಾಳದಲ್ಲಿ ಇದು ತಿರುಗುಮುರುಗು. ಗರಿ, ಕೂದಲು, ನೂಲು ಸುತ್ತಿ ಸೀಗಡಿಯಂತೆಯೋ ಏಡಿಯಂತೆಯೋ ಕಾಣುವ ಹಾಗೆ ಕಟ್ಟಿದ ಹುಸಿ ಎರೆಗೆ ಫ್ಲೈ ಎಂದು ಹೆಸರು. ಬೋನ್‌ಫಿಶ್‌ಗೆ ಕಟ್ಟುವ ಫ್ಲೈ ಹೆಚ್ಚಿನ ಸಲ ಒಂದು ಗ್ರಾಂ ಕೂಡ ತೂಗುವುದಿಲ್ಲ. ಅದನ್ನು ಗಾಳಿಗೆದುರಾಗಿ ಅರವತ್ತು ಅಡಿ ಎಸೆಯಲು ಯಾರಿಂದಲೂ ಆಗದು. ಆದ್ದರಿಂದ ದಾರಕ್ಕೇ ತೂಕ ಕೊಡುತ್ತಾರೆ. ಬೀಸಿದಾಗ ರಾಡ್ ಬಾಗುವುದು ದಾರದ ತೂಕಕ್ಕೆ, ಹಾರುವುದು ದಾರ, ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ. ಇಡೀ ಸಲಕರಣೆಯಲ್ಲಿ ನಾವು ನಿಜವಾಗಿ ಎಸೆಯುವ ವಸ್ತು ಲೈನು ಒಂದೇ.

ಸಾಮಾನ್ಯವಾಗಿ 90ರಿಂದ 105 ಅಡಿ ಉದ್ದದ ಈ ಲೈನು ಇಲಿ ನುಂಗಿದ ಕೇರೆಹಾವಿನ ಹಾಗಿರುತ್ತದೆ. ಮುಂದಿನ 35ರಿಂದ 50 ಅಡಿ ದಪ್ಪ. ಇದಕ್ಕೆ ಹೆಡ್ ಎನ್ನುತ್ತಾರೆ. ಹೆಡ್ಡಿನ ಮೂತಿ ಮೆಲ್ಲಗೆ ಸಪೂರವಾಗುತ್ತಾ ಹೋಗುವ ಭಾಗ ಮುಂದಿನ ಟೇಪರ್. ಹಿಂಬದಿಯಲ್ಲೂ ಹಾಗೆಯೇ ಸಪೂರವಾಗಿ ಕೊನೆಗೆ ತೆಳ್ಳನೆಯ ರನ್ನಿಂಗ್ ಲೈನ್ ಬರುತ್ತದೆ. ಮೂತಿಗೆ ಒಂಬತ್ತರಿಂದ ಹನ್ನೆರಡು ಅಡಿಯ ಪಾರದರ್ಶಕ ಲೀಡರ್, ಅದರ ತುದಿಗೆ ಫ್ಲೈ. ಹಿಂದೆ, ರೀಲಿನ ಒಡಲಲ್ಲಿ, ಓಡುವ ಮೀನಿಗೆ ಬಿಟ್ಟುಕೊಡಲು 200 ಗಜದಷ್ಟು ಬ್ಯಾಕಿಂಗ್ ದಾರ.

ಲೈನನ್ನು ಅಡ್ಡ ಕತ್ತರಿಸಿದರೆ ಎರಡು ಪದರ ಕಾಣುತ್ತವೆ. ಒಳಗೆ ಎಳೆತ ತಡೆಯುವ ನೂಲು, ಅಂದರೆ ಕೋರ್. ಹೊರಗೆ ತೂಕ, ಆಕಾರ, ತೇಲುವ ಗುಣ, ಜಾರುವ ಗುಣಗಳನ್ನು ಕೊಡುವ ಪ್ಲಾಸ್ಟಿಕ್ ಹೊದಿಕೆ. ಮುಂದಿನ ಚರ್ಚೆಯೆಲ್ಲ ಈ ಎರಡು ಪದರಗಳ ಸ್ವಭಾವದಿಂದಲೇ ಹುಟ್ಟುತ್ತದೆ.

ರೇಷ್ಮೆಯಿಂದ ಪ್ಲಾಸ್ಟಿಕ್ಕಿಗೆ

ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಭಾರತದ ಗಾಳಗಾರಿಕೆಯ ಹಳೆಯ ಕೈಪಿಡಿಗಳಲ್ಲಿ ಅದು ಹೆಸರಾದದ್ದು. ಅದರ ಬೇರು ನಮ್ಮ ಕರಾವಳಿಯಲ್ಲಿದೆ. ಆ ಕಾಲಕ್ಕೆ ಪ್ಲಾಸ್ಟಿಕ್ ಲೈನಿನ ಕನಸೂ ಇರಲಿಲ್ಲ. ಕುದುರೆಕೂದಲು, ರೇಷ್ಮೆಗಳನ್ನು ಹೊಸೆದ ದಾರಗಳಿಂದಲೇ ಜಗತ್ತು ಫ್ಲೈ ಎಸೆಯುತ್ತಿತ್ತು. ಹೆಣೆದ ರೇಷ್ಮೆಗೆ ಎಣ್ಣೆ ಕುಡಿಸಿ ಮಾಡಿದ ಲೈನು ಸಪೂರವಾಗಿದ್ದು ಗಾಳಿಯನ್ನು ಚೆನ್ನಾಗಿ ಸೀಳುತ್ತಿತ್ತು. ಆದರೆ ತೇಲಬೇಕಾದರೆ ಜಿಡ್ಡು ಹಚ್ಚಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ಮುಳುಗುತ್ತಿತ್ತು. ಸಂಜೆ ರೀಲಿನಿಂದ ಪೂರ್ತಿ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಅದರ ಗಾತ್ರವನ್ನು ಅಕ್ಷರಗಳಲ್ಲಿ ಹೇಳುತ್ತಿದ್ದರು. ಅವು ಸೂಚಿಸುತ್ತಿದ್ದುದು ದಪ್ಪವನ್ನು ಮಾತ್ರ, ತೂಕವನ್ನಲ್ಲ.

1947ರಲ್ಲಿ ಜೋ ಬ್ರೂಕ್ಸ್ ಎಂಬ ಅಮೆರಿಕನ್ ಲೇಖಕ ಕೀಸ್‌ನ ಇಸ್ಲಮೊರಾಡಾದಲ್ಲಿ ಜಿಮ್ಮಿ ಆಲ್‌ಬ್ರೈಟ್ ಎಂಬ ಗೈಡಿನ ಜೊತೆಗೂಡಿ ಬೋನ್‌ಫಿಶ್‌ಗಳನ್ನು ಫ್ಲೈ ರಾಡಿನಿಂದ ಹಿಡಿದರು. 1950ರಲ್ಲಿ ಉಪ್ಪುನೀರಿನ ಫ್ಲೈ ಗಾಳದ ಬಗ್ಗೆ ಅವರ ಪುಸ್ತಕ ಬಂತು. ಅದಕ್ಕೂ ಮೊದಲು ಕೆಲವರು ಪ್ರಯತ್ನಿಸಿದ್ದರೂ, ಈ ಮೀನನ್ನು ಫ್ಲೈಗೆ ಹಿಡಿಯಬಹುದು ಎಂಬ ನಂಬಿಕೆ ಜನರಲ್ಲಿ ಬೇರೂರಿದ್ದು ಆಗ. ಅದೇ ದಶಕದಲ್ಲಿ ಮಿಷಿಗನ್ನಿನ ಮಿಡ್‌ಲೆಂಡ್ ಊರಿನ ಸೈಂಟಿಫಿಕ್ ಆಂಗ್ಲರ್ಸ್ ಕಂಪನಿಯ ಲಿಯೋನ್ ಮಾರ್ಟಕ್ ಹೆಣೆದ ನೂಲಿನ ಮೇಲೆ ಪಿವಿಸಿ ಹೊದಿಕೆ ಕೊಡುವ ವಿಧಾನವನ್ನು ಹದಕ್ಕೆ ತಂದರು. ಪಿವಿಸಿ ನೀರಿಗಿಂತ ಭಾರ. ಅದನ್ನು ತೇಲಿಸಲು ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗೋಲಿಗಳನ್ನು ಹೊದಿಕೆಯೊಳಗೆ ಬೆರೆಸಿದರು. ಇವತ್ತಿಗೂ ತೇಲುವ ಪಿವಿಸಿ ಲೈನುಗಳ ಗುಟ್ಟು ಇದೇ. ಎಣ್ಣೆ ಕುಡಿಸುವ, ಒಣಹಾಕುವ ನಿತ್ಯದ ಗೋಳು ತಪ್ಪಿತು. ಆದರೆ ಪ್ಲಾಸ್ಟಿಕ್ಕು ತನ್ನದೇ ಬೇರೆ ದೌರ್ಬಲ್ಯಗಳನ್ನು ಹೊತ್ತು ತಂದಿತು.

ಮೊದಲ ಪ್ರಶ್ನೆ: ಎಷ್ಟು ಶಾಖ?

ಮನೆಯ ನೀರಿನ ಪೈಪು ಪಿವಿಸಿ, ಕಲ್ಲಿನಂತೆ ಗಟ್ಟಿ. ಫ್ಲೈ ಲೈನೂ ಪಿವಿಸಿ, ಬೆರಳಿಗೆ ಸುತ್ತಬಹುದು. ಈ ವ್ಯತ್ಯಾಸಕ್ಕೆ ಕಾರಣ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ. ಪಿವಿಸಿಯೊಳಗೆ ಇದನ್ನು ಎಷ್ಟು ಬೆರೆಸುತ್ತಾರೋ ಅಷ್ಟು ಮೆತ್ತಗಾಗುತ್ತದೆ. ತಣ್ಣೀರಿಗೆಂದು ಮಾಡುವ ಲೈನಿನ ಹೊದಿಕೆ ಮೆತ್ತಗೆ, ಕೋರ್ ಕೂಡ ಬಳುಕುವ ಹೆಣೆದ ನೈಲಾನು. ಹತ್ತು ಡಿಗ್ರಿಯ ನೀರಿನಲ್ಲೂ ಅದು ಸುರುಳಿಗಟ್ಟದೆ ನೇರ ನಿಲ್ಲುತ್ತದೆ. ಅದೇ ಲೈನು ಮೂವತ್ತು ಡಿಗ್ರಿಯಲ್ಲಿ ಸೊರಗುತ್ತದೆ: ಹೊದಿಕೆ ಅಂಟಂಟಾಗುತ್ತದೆ, ರಾಡಿನ ಉಂಗುರಗಳ ನಡುವೆ ಜೋತುಬೀಳುತ್ತದೆ, ಎಸೆತ ಸಾಯುತ್ತದೆ.

ಉಷ್ಣವಲಯದ ಲೈನಿನ ಹೊದಿಕೆ ಗಟ್ಟಿ, ಕೋರ್ ಬಿರುಸು. ಕೆಲವದರಲ್ಲಿ ಒಂದೇ ಎಳೆಯ ನೈಲಾನು, ಕೆಲವದರಲ್ಲಿ ಗಡುಸಾದ ನೈಲಾನ್ ಎಳೆಗಳ ಹೆಣಿಗೆ. ಬಿಸಿಲು ಏರಿದ ಹಾಗೆ ಇದು ಹದಕ್ಕೆ ಬರುತ್ತದೆ, ಉಂಗುರಗಳಲ್ಲಿ ಜಾರಿಕೊಂಡು ಹೋಗುತ್ತದೆ. ತಣ್ಣೀರಿಗೆ ಒಯ್ದರೆ ಇದರ ಪಾಡು ತದ್ವಿರುದ್ಧ. ಚಳಿಗಾಲದಲ್ಲಿ ಲೂಸಿಯಾನಾದ ಜೌಗು ನೆಲಗಳಿಗೆ ರೆಡ್‌ಫಿಶ್ ಹಿಡಿಯಲು ಹೋದವರು ಉಷ್ಣವಲಯದ ಲೈನು ಬಿಚ್ಚಿದರೆ ಅದು ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿಯಾಗಿ ನೀರ ಮೇಲೆ ನಿಂತುಬಿಡುತ್ತದೆ. ಸುರುಳಿಯ ಸಡಿಲದಲ್ಲಿ ಮೀನು ಕಚ್ಚಿದ್ದೇ ಕೈಗೆ ತಿಳಿಯುವುದಿಲ್ಲ.

ಹಾಗಾದರೆ ಗೆರೆ ಎಲ್ಲಿ? ನೀರು ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಷ್ಣವಲಯದ ಲೈನೇ ಸರಿ ಎಂಬುದು ರೂಢಿಯ ಅಳತೆ. ಆದರೆ ನೀರಿನ ಶಾಖವೊಂದನ್ನೇ ನೋಡುವುದು ಸಾಲದು ಎನ್ನುತ್ತೇನೆ. ಬಯಲು ನೀರಿನಲ್ಲಿ ಮೀನು ಕಂಡ ಮೇಲೆ ಎಸೆಯುವುದು ಪದ್ಧತಿ. ಕಾಣುವ ತನಕ ಎಳೆದು ಬಿಟ್ಟ ಐವತ್ತು ಅಡಿ ಲೈನು ದೋಣಿಯ ಹಲಗೆಯ ಮೇಲೆ ಬಿಸಿಲು ಕಾಯುತ್ತಾ ಬಿದ್ದಿರುತ್ತದೆ. ಬರಿಗಾಲಿನಲ್ಲಿ ಆ ಹಲಗೆ ತುಳಿದವರಿಗೆ ಅದು ನೀರಿಗಿಂತ ಎಷ್ಟು ಬಿಸಿ ಎಂದು ಗೊತ್ತು. ಲೈನು ಸೋಲುವುದು ಅಲ್ಲೇ. ನೀರಿಗಿಳಿದು ನಡೆಯುವವರ ಲೈನು ನೀರಿನಲ್ಲೇ ತೇಲುತ್ತಾ ತಂಪಾಗಿರುತ್ತದೆ; ದೋಣಿಯ ಮೇಲೆ ನಿಲ್ಲುವವರದು ಹಾಗಲ್ಲ. ದೋಣಿಯಲ್ಲಿ ನಿಲ್ಲುವವರು ಆಗಾಗ ಹಲಗೆಗೂ ಲೈನಿಗೂ ಒಂದು ಬೊಗಸೆ ಸಮುದ್ರದ ನೀರು ಚಿಮುಕಿಸುವುದು ಒಳ್ಳೆಯ ರೂಢಿ.

ಕಿರಿಬಾಟಿ ದೇಶದ ಕಿರಿಟಿಮಾಟಿ ಹವಳದ್ವೀಪ, ಸೀಶೆಲ್ಸ್‌ನ ಆಲ್ಫಾನ್ಸ್, ಬೆಲೀಜ್, ಮೆಕ್ಸಿಕೋದ ಅಸೆನ್ಶನ್ ಕೊಲ್ಲಿಗಳಿಗೆ ವರ್ಷವಿಡೀ ಉಷ್ಣವಲಯದ ಲೈನೇ ಬೇಕು. ಬಹಾಮಾಸ್, ಕೀಸ್‌ಗಳಲ್ಲಿ ಚಳಿಗಾಲದ ಶೀತಗಾಳಿ ಬೀಸಿದಾಗ ತೆಳುನೀರು ಬೇಗ ತಣ್ಣಗಾಗುತ್ತದೆ; ಬೋನ್‌ಫಿಶ್‌ಗಳೂ ಬಯಲು ಬಿಟ್ಟು ಆಳಕ್ಕೆ ಸರಿಯುತ್ತವೆ. ಅಂಥ ತಿಂಗಳುಗಳಿಗೆ ನಡುಹದದ ಲೈನೊಂದು ಜೊತೆಗಿದ್ದರೆ ಕೆಡುಕಿಲ್ಲ. ದೇಶಕ್ಕೆ ತಕ್ಕ ವೇಷ ಎನ್ನುವ ಹಾಗೆ ನೀರಿಗೆ ತಕ್ಕ ಲೈನು.

ತೂಕದ ತಕರಾರು

1960ರ ಆಸುಪಾಸಿನಲ್ಲಿ ಅಮೆರಿಕದ ಗಾಳ ಸಲಕರಣೆ ತಯಾರಕರ ಸಂಘ ಹಳೆಯ ಅಕ್ಷರಗಳ ಪದ್ಧತಿಯನ್ನು ಬಿಟ್ಟು ತೂಕದ ಅಳತೆಯನ್ನು ತಂದಿತು. ಲೈನಿನ ಮೊದಲ 30 ಅಡಿ ಎಷ್ಟು ಗ್ರೇನ್ ತೂಗುತ್ತದೆ ಎಂಬುದರ ಮೇಲೆ ಅದಕ್ಕೊಂದು ಸಂಖ್ಯೆ. ಒಂದು ಗ್ರೇನ್ ಎಂದರೆ ಹೆಚ್ಚುಕಡಿಮೆ ಅರ್ಧ ಗುಲಗಂಜಿ. 8ನೇ ಸಂಖ್ಯೆಯ ಲೈನಿಗೆ 210 ಗ್ರೇನ್, ಅಂದರೆ 13.6 ಗ್ರಾಂ, ಒಂದು ತೊಲಕ್ಕಿಂತ ತುಸು ಹೆಚ್ಚು. 9ಕ್ಕೆ 240, 10ಕ್ಕೆ 280, 12ಕ್ಕೆ 380 ಗ್ರೇನ್. ರಾಡಿನ ಮೇಲೆ 8 ಎಂದು ಬರೆದಿದ್ದರೆ 8ರ ಲೈನು ಹಾಕಿ ಎಂಬುದು ಈ ಪದ್ಧತಿಯ ಸರಳ ಭರವಸೆ.

ಆ ಭರವಸೆ ಈಗ ಸಡಿಲಾಗಿದೆ. ಪೆಟ್ಟಿಗೆಯ ಮೇಲೆ 8 ಎಂದಿರುವ ಲೈನುಗಳಲ್ಲಿ ಹಲವು ಅರ್ಧ ಸಂಖ್ಯೆಯಿಂದ ಒಂದು ಸಂಖ್ಯೆಯಷ್ಟು ಹೆಚ್ಚು ತೂಗುತ್ತವೆ. ತಯಾರಕರ ವಾದದಲ್ಲಿ ಹುರುಳಿಲ್ಲದಿಲ್ಲ. ಈಗಿನ ಗ್ರಾಫೈಟ್ ರಾಡುಗಳು ತುಂಬ ಬಿರುಸು. ಬಯಲು ನೀರಿನಲ್ಲಿ ಮೀನು ಮೂವತ್ತು ನಲವತ್ತು ಅಡಿಯಲ್ಲಿ ದಿಢೀರನೆ ಎದುರಾಗುತ್ತದೆ. ಅಷ್ಟು ಕಡಿಮೆ ಲೈನಿನ ತೂಕಕ್ಕೆ ರಾಡ್ ಬಾಗಬೇಕಾದರೆ ಲೈನು ಭಾರವಾಗಿರಬೇಕು. ಗಾಳಿಗೆದುರಾಗಿ, ಭಾರದ ಫ್ಲೈಯನ್ನು, ಒಂದೇ ಬೀಸಿನಲ್ಲಿ ಕಳಿಸಬೇಕಾದಾಗ ಈ ಹೆಚ್ಚುವರಿ ತೂಕ ಕೈಹಿಡಿಯುತ್ತದೆ.

ಆದರೆ ಅದಕ್ಕೆ ಬೆಲೆ ತೆರಬೇಕು. ಭಾರದ ಲೈನು ನೀರಿಗೆ ಬೀಳುವಾಗ ಸದ್ದು ಮಾಡುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ, ಗಿಣ್ಣುದ್ದದ ನೀರಿನಲ್ಲಿ ಬಾಲವೆತ್ತಿ ಮೇಯುವ ಬೋನ್‌ಫಿಶ್‌ಗೆ ಆ ಸದ್ದು ಸಾಕು, ಇಡೀ ಗುಂಪೇ ಚದುರಿಹೋಗುತ್ತದೆ. ಅರವತ್ತು ಎಪ್ಪತ್ತು ಅಡಿ ಎಸೆಯಬಲ್ಲವರ ಕೈಯಲ್ಲಿ ಭಾರದ ಲೈನು ರಾಡನ್ನು ಅತಿಯಾಗಿ ಬಾಗಿಸಿ ಎಸೆತವನ್ನು ಹಾಳು ಮಾಡುವುದೂ ಉಂಟು. ನನ್ನ ತೀರ್ಮಾನ ಹೀಗೆ: ಎಸೆಯುವುದನ್ನು ಈಗಷ್ಟೇ ಕಲಿಯುತ್ತಿರುವವರಿಗೆ, ಗಾಳಿ ಜೋರಿರುವ ಕಡೆಗೆ, ಅರ್ಧ ಸಂಖ್ಯೆ ಹೆಚ್ಚಿನ ಲೈನು ಆಗಬಹುದು. ಕೈ ಪಳಗಿದವರು, ಶಾಂತ ತೆಳುನೀರಿಗೆ ಹೋಗುವವರು ನಿಜವಾದ ಸಂಖ್ಯೆಯನ್ನೇ ಹುಡುಕಬೇಕು.

ಹುಡುಕುವುದು ಕಷ್ಟವೇನಲ್ಲ. ಕೆಲವು ತಯಾರಕರು ಪೆಟ್ಟಿಗೆಯ ಮೇಲೆ ಗ್ರೇನ್ ತೂಕವನ್ನೇ ಅಚ್ಚು ಮಾಡುತ್ತಾರೆ, ಅದನ್ನು ಓದಬೇಕು. ಇಲ್ಲದಿದ್ದರೆ ಮನೆಯಲ್ಲಿ 30 ಅಡಿ ಅಳೆದು, ಚಿನ್ನಬೆಳ್ಳಿ ತೂಗುವಂಥ ಸಣ್ಣ ತಕ್ಕಡಿಯ ಮೇಲೆ ಆ ಮೂವತ್ತು ಅಡಿಯನ್ನಷ್ಟೇ ಸುರುಳಿ ಮಾಡಿ ಇಟ್ಟು ನೋಡಿದರೆ ಸಾಕು. 8ರ ಲೈನು ಹದಿನೈದು ಗ್ರಾಂ ದಾಟಿತೆಂದರೆ ಅದು ಹೆಸರಿಗೆ ಎಂಟು, ಗುಣಕ್ಕೆ ಒಂಬತ್ತು.

ಮೀನಿಗೆ ತಕ್ಕ ಮೈಕಟ್ಟು

ತೂಕ ಎಷ್ಟು ಎಂಬುದಕ್ಕಿಂತ ಆ ತೂಕ ಎಲ್ಲಿ ಕೂತಿದೆ ಎಂಬುದು ಕೆಲವೊಮ್ಮೆ ದೊಡ್ಡದು. ಬೋನ್‌ಫಿಶ್ ಲೈನಿಗೆ ಹೆಡ್ ಉದ್ದ, ಮುಂದಿನ ಟೇಪರ್ ಕೂಡ ಉದ್ದ. ತೂಕ ಹಿಂದೆ ಉಳಿದು ಮೂತಿ ಸಪೂರವಾಗುತ್ತಾ ಹೋದ ಹಾಗೆ ಎಸೆತದ ಕಸುವು ಕರಗುತ್ತಾ ಹೋಗಿ ಫ್ಲೈ ಮೆಲ್ಲಗಿಳಿಯುತ್ತದೆ. 8ನೇ ಸಂಖ್ಯೆ ಇಲ್ಲಿ ವಾಡಿಕೆ.

ಪರ್ಮಿಟ್ ಮೀನಿಗೆ ಎಸೆಯುವುದು ಏಡಿಯಂತೆ ಕಟ್ಟಿದ, ಲೋಹದ ಕಣ್ಣುಗಳ ಭಾರದ ಫ್ಲೈ. ಅದನ್ನು ಹೊತ್ತು ಮಗುಚಿ ಹಾಕಲು ಮುಂದಿನ ಟೇಪರ್ ಮೋಟಾಗಿರಬೇಕು, ತೂಕ ಮೂತಿಯ ಕಡೆಗೆ ಸರಿದಿರಬೇಕು. 9 ಅಥವಾ 10 ಸೂಕ್ತ. ಮಂಕು ನೀರಿನಲ್ಲಿ ಇಪ್ಪತ್ತು ಮೂವತ್ತು ಅಡಿಗೇ ಎದುರಾಗುವ ರೆಡ್‌ಫಿಶ್‌ಗೆ ಇನ್ನೂ ಗಿಡ್ಡನೆಯ, ಮುಂಭಾರದ ಹೆಡ್ ಅನುಕೂಲ. ನೂರು ಪೌಂಡಿಗೂ ಮೀರಿ ಬೆಳೆಯುವ ಟಾರ್ಪನ್‌ಗೆ 11, 12ರ ಲೈನು.

ಹಿಂದೂ ಮಹಾಸಾಗರದ ಹವಳದ ದಿಬ್ಬಗಳಲ್ಲಿ, ಅದರಲ್ಲೂ ಸೀಶೆಲ್ಸ್‌ನ ಕಾಸ್ಮೊಲೆಡೊ, ಫಾರ್ಕರ್ ದ್ವೀಪಗಳಲ್ಲಿ ಜೈಂಟ್ ಟ್ರೆವಲಿ ಹಿಡಿಯಲು ಹೋಗುವವರು ಟೇಪರಿಗಿಂತ ಮೊದಲು ಕೋರಿನ ಬಲ ನೋಡಬೇಕು. ಸಾಮಾನ್ಯ ಲೈನಿನ ಕೋರ್ 30 ಪೌಂಡಿನ ಆಸುಪಾಸಿನ ಎಳೆತಕ್ಕೆ ತುಂಡಾಗುತ್ತದೆ. ಈ ಮೀನಿಗೆ ಕಟ್ಟುವ ಲೀಡರ್ ಹೆಚ್ಚಿನ ಸಲ 100 ಪೌಂಡಿಗೂ ಮೀರಿದ್ದು. ಮೀನು ಹವಳದ ಬಂಡೆಗೆ ಲೈನನ್ನು ಸುತ್ತಿ ಎಳೆದಾಗ ಮುರಿಯುವುದು ಲೀಡರ್ ಅಲ್ಲ, ಲೈನು. ಆಗ ನಾವು ಕಳೆದುಕೊಳ್ಳುವುದು ಬರೀ ಹಣವಲ್ಲ. ಹತ್ತಾರು ಅಡಿ ಪ್ಲಾಸ್ಟಿಕ್ ದಾರವನ್ನು ಬಾಯಿಗೆ ಸಿಕ್ಕಿಸಿಕೊಂಡು ಆ ಮೀನು ಹವಳದ ನಡುವೆ ಬದುಕಬೇಕಾಗುತ್ತದೆ. ಅದಕ್ಕೆಂದೇ ಹೆಚ್ಚು ಬಲದ ಕೋರ್ ಇರುವ ಲೈನುಗಳು ಸಿಗುತ್ತವೆ. ಲೀಡರಿನ ಬಲ ಕೋರಿನ ಬಲವನ್ನು ಮೀರದಂತೆ ಹೊಂದಿಸಿಕೊಳ್ಳುವುದು ಮೀನಿಗೆ ನಾವು ತೋರಬೇಕಾದ ಕನಿಷ್ಠ ಮರ್ಯಾದೆ. ಬೆಲೀಜ್ 2009ರಲ್ಲೇ ಬೋನ್‌ಫಿಶ್, ಪರ್ಮಿಟ್, ಟಾರ್ಪನ್‌ಗಳನ್ನು ಹಿಡಿದರೆ ಬಿಡಲೇಬೇಕೆಂದು ಕಾನೂನು ಮಾಡಿತು. ಬಿಟ್ಟ ಮೀನು ಬದುಕಬೇಕೆಂದರೆ ನಮ್ಮ ದಾರ ಗಟ್ಟಿಯಿರಬೇಕು, ಸೆಣಸಾಟ ಬೇಗ ಮುಗಿಯಬೇಕು.

ತೇಲು, ಮುಳುಗು, ಬಣ್ಣ, ಮೇಲ್ಮೈ

ಬಯಲು ನೀರಿಗೆ ತೇಲುವ ಲೈನು ಸಾಕು ಎಂಬುದರಲ್ಲಿ ಹೆಚ್ಚು ವಾದವಿಲ್ಲ. ಮೀನು ದಿಕ್ಕು ಬದಲಿಸಿದರೆ ನೀರಿನ ಮೇಲಿಂದ ಎತ್ತಿ ಮತ್ತೆ ಎಸೆಯಲು ಸುಲಭ. ಹವಳಕ್ಕೆ, ಹುಲ್ಲಿಗೆ ತೊಡರುವುದಿಲ್ಲ. ಟಾರ್ಪನ್ ಹಿಡಿಯುವವರು ಮಾತ್ರ ಸೆಕೆಂಡಿಗೆ ಒಂದು ಒಂದೂವರೆ ಇಂಚಿನಂತೆ ನಿಧಾನ ಮುಳುಗುವ, ಪಾರದರ್ಶಕ ಲೈನನ್ನೂ ಇಷ್ಟಪಡುತ್ತಾರೆ. ಅಲೆಯೆದ್ದ ನೀರಿನಲ್ಲಿ ತೇಲುವ ಲೈನು ಅಲೆಯ ಮೇಲೆ ಏರಿಳಿದು ಫ್ಲೈಯನ್ನು ಕುಲುಕುತ್ತದೆ. ಮುಳುಗುವ ಲೈನು ಅಲೆಯಡಿಯಲ್ಲಿ ನೇರ ನಿಂತು ಫ್ಲೈಯನ್ನು ಮೀನಿನ ಮಟ್ಟದಲ್ಲೇ ಇಡುತ್ತದೆ. ಕೊರತೆಯೆಂದರೆ ಲೈನು ಎಸೆಯುವವರಿಗೂ ಕಾಣುವುದಿಲ್ಲ, ಎತ್ತಿ ಮತ್ತೆ ಎಸೆಯುವುದು ನಿಧಾನ. ಮೂತಿಯ ಹತ್ತು ಹನ್ನೆರಡು ಅಡಿಯಷ್ಟೇ ಪಾರದರ್ಶಕವಾಗಿರುವ ಲೈನುಗಳು ನಡುವಿನ ದಾರಿ.

ಬಣ್ಣದ ವಾದ ಹಳೆಯದು. ಮೀನು ತಲೆಯ ಮೇಲೆ ಸುಮಾರು 97 ಡಿಗ್ರಿ ಅಗಲದ ಒಂದು ಕಿಂಡಿಯ ಮೂಲಕ ಮಾತ್ರ ನೀರಿನಾಚೆಯ ಲೋಕವನ್ನು ನೋಡುತ್ತದೆ. ಆ ಕಿಂಡಿಯಲ್ಲಿ ಹಾದುಹೋಗುವ ಯಾವ ಬಣ್ಣದ ಲೈನೂ ಆಕಾಶದ ಬೆಳಕಿಗೆ ಎದುರಾಗಿ ಕಪ್ಪು ಗೆರೆಯಾಗಿಯೇ ಕಾಣಿಸಬಲ್ಲದು; ನೆರಳಂತೂ ಬೀಳುತ್ತದೆ. ಹಾಗಾಗಿ ನೆಲದ ಬಣ್ಣ, ಆಕಾಶದ ಬಣ್ಣ ಎಂದು ಹುಡುಕುವುದಕ್ಕಿಂತ ಲೈನನ್ನು ಮೀನಿನ ತಲೆಯ ಮೇಲೆ ಹಾಯಿಸದಿರುವುದು, ಲೀಡರನ್ನು ಉದ್ದ ಇಡುವುದು ಹೆಚ್ಚು ಫಲ ಕೊಡುತ್ತದೆ. ಕಡುಕೆಂಪು, ಹೊಳೆಯುವ ಕಿತ್ತಳೆ ಬೇಡ. ತಿಳಿ ನೀಲಿಯೋ ಮರಳಿನ ಬಣ್ಣವೋ ಇದ್ದು ನಮ್ಮ ಕಣ್ಣಿಗೂ ದೋಣಿ ನಡೆಸುವವರ ಕಣ್ಣಿಗೂ ಕಂಡರೆ ಸಾಕು.

ಮೇಲ್ಮೈ ನಯವೋ ಒರಟೋ ಎಂಬುದು ಹೊಸ ಚರ್ಚೆ. ಸೂಕ್ಷ್ಮ ಗೆರೆ, ಗುಳಿಗಳಿರುವ ಹೊದಿಕೆ ಉಂಗುರಗಳಿಗೆ ಕಡಿಮೆ ತಾಗುವುದರಿಂದ ದೂರ ಜಾರುತ್ತದೆ, ಹಿಡಿತಕ್ಕೂ ಸಿಗುತ್ತದೆ. ಆದರೆ ಉಪ್ಪಿನಲ್ಲಿ ನೆನೆದು ಮೆತ್ತಗಾದ ಬೆರಳಿನ ಮೇಲೆ ದಿನವಿಡೀ ಅದನ್ನು ಎಳೆದರೆ ಚರ್ಮ ಕೊಯ್ಯುತ್ತದೆ. ಬೆರಳಿಗೆ ಬಟ್ಟೆಯ ಕವಚ ಹಾಕಿಕೊಳ್ಳಬೇಕು. ನನ್ನ ಒಲವು ನಯವಾದುದರ ಕಡೆಗೆ, ತೊಳೆಯುವುದೂ ಸುಲಭ. ಪಿವಿಸಿಯ ಬದಲು ಪಾಲಿಯುರೆಥೇನ್ ಹೊದಿಕೆ ಕೊಡುವ ವೇಲ್ಸ್‌ನ ಏರ್‌ಫ್ಲೋದಂಥ ತಯಾರಕರೂ ಇದ್ದಾರೆ. ಪ್ಲಾಸ್ಟಿಸೈಜರ್ ಸೋರಿಹೋಗುವ ಭಯ ಅಲ್ಲಿಲ್ಲ ಎಂಬುದು ಅದರ ದೊಡ್ಡ ಗುಣ.

ಆರೈಕೆ: ಸಂಜೆಯ ಎರಡು ಬಕೆಟ್

ಲೈನಿನ ವೈರಿಗಳು ಮೂರು: ಕೊಳೆ, ಬಿಸಿ, ರಾಸಾಯನಿಕ. ಉಪ್ಪು ಪಿವಿಸಿಯನ್ನು ಕರಗಿಸುವುದಿಲ್ಲ. ಆದರೆ ನೀರು ಆರಿದ ಮೇಲೆ ಹೊದಿಕೆಯ ಮೇಲೆ ಹರಳುಗಟ್ಟಿ ಉಳಿಯುತ್ತದೆ. ಪಾಚಿ, ಮರಳಿನ ಹುಡಿ ಅದರ ಜೊತೆ ಸೇರುತ್ತವೆ. ಪ್ರತಿ ಎಸೆತದಲ್ಲೂ ಈ ಲೇಪ ರಾಡಿನ ಉಂಗುರಗಳನ್ನು ಉಜ್ಜುತ್ತದೆ, ಲೈನಿನ ಜಾರುವ ಗುಣವನ್ನು ತಿನ್ನುತ್ತದೆ, ಮೂತಿಯನ್ನು ಭಾರ ಮಾಡಿ ಮುಳುಗಿಸುತ್ತದೆ. ಲೈನು ಹಳತಾಯಿತು ಎಂದು ಬಿಸಾಡಿದವುಗಳಲ್ಲಿ ಎಷ್ಟೋ ಬರೀ ಕೊಳೆಯಾದವು.

ಸಂಜೆಯ ಕೆಲಸ ಹೀಗೆ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಎರಡು ಮೂರು ತೊಟ್ಟು ಸೌಮ್ಯವಾದ ಸೋಪಿನ ದ್ರವ. ಬಟ್ಟೆ ಒಗೆಯುವ ಕಟುವಾದ ಪುಡಿ ಬೇಡ. ಅದು ಹೊದಿಕೆಯ ಜಾರುಗುಣವನ್ನೂ ತೊಳೆದುಬಿಡುತ್ತದೆ. ಆವತ್ತು ನೀರಿಗಿಳಿದ ಅಷ್ಟೂ ಲೈನನ್ನು ಈ ಬಕೆಟ್ಟಿಗೆ ಸಡಿಲ ಸುರುಳಿಯಾಗಿ ಬಿಟ್ಟು ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಹಳೆಯ ಹತ್ತಿ ಪಂಚೆಯ ತುಂಡನ್ನು ಒದ್ದೆ ಮಾಡಿ, ಮಡಚಿ, ಹೆಬ್ಬೆರಳು ತೋರುಬೆರಳ ನಡುವೆ ಲೈನನ್ನು ಹಿಡಿದು ಮೆಲ್ಲಗೆ ಎಳೆಯುತ್ತಾ ಎರಡನೆಯ ಬಕೆಟ್ಟಿನ ಬರೀ ನೀರಿಗೆ ಇಳಿಸಿ. ಬಟ್ಟೆಯ ಮೇಲೆ ಮೂಡುವ ಕಪ್ಪು ಗೆರೆ ನೋಡಿ. ಕಣ್ಣಿಗೆ ಸ್ವಚ್ಛವೆನಿಸಿದ್ದ ಲೈನು ಅಷ್ಟು ಕೊಳೆ ಹೊತ್ತಿತ್ತು. ಬಟ್ಟೆಯ ಜಾಗ ಬದಲಿಸುತ್ತಾ ಹೋಗಿ. ಕಪ್ಪು ಬರುವುದು ನಿಂತರೆ ಕೆಲಸ ಮುಗಿಯಿತು. ಕೊನೆಗೆ ಒಣಬಟ್ಟೆಯಲ್ಲಿ ಹಿಡಿದು ರೀಲಿಗೆ ಸುತ್ತಿ, ನೆರಳಿನಲ್ಲಿ ಆರಲು ಬಿಡಿ.

ಜಾರುಲೇಪ ಹಚ್ಚಬೇಕೇ? ಲೈನು ತಯಾರಕರು ತಮ್ಮ ಹೊದಿಕೆಗೆಂದೇ ಕೊಡುವ ಲೇಪ ನಾಲ್ಕಾರು ದಿನಗಳ ಬಳಕೆಗೊಮ್ಮೆ ಸಾಕು, ಅದೂ ತೊಳೆದ ಮೇಲೆ. ಕೊಳೆಯ ಮೇಲೆ ಲೇಪ ಹಚ್ಚಿದರೆ ಎರಡೂ ಸೇರಿ ಅಂಟಾಗುತ್ತವೆ. ಸಿಕ್ಕಿದ ಎಣ್ಣೆ, ಕಾರಿನ ಪಾಲಿಶ್ ಬಳಸುವುದು ಅಪಾಯ. ಪಿವಿಸಿಯೊಳಗಿನ ಪ್ಲಾಸ್ಟಿಸೈಜರನ್ನು ಹೊರಗೆಳೆಯುವ ದ್ರಾವಕಗಳು ಅವುಗಳಲ್ಲಿರಬಹುದು.

ರಾಸಾಯನಿಕಗಳಲ್ಲಿ ಕೆಟ್ಟದ್ದು ಸೊಳ್ಳೆ ಓಡಿಸುವ ಮುಲಾಮಿನಲ್ಲಿರುವ ಡೀಟ್. ಅದು ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲದು. ಕಾಂಡ್ಲಾ ಕಾಡುಗಳ ಅಂಚಿನಲ್ಲಿ ಸೊಳ್ಳೆ ಇದ್ದೇ ಇರುತ್ತವೆ. ಸನ್‌ಸ್ಕ್ರೀನ್ ಇಲ್ಲದೆ ಆ ಬಿಸಿಲಲ್ಲಿ ನಿಲ್ಲಲೂ ಆಗದು. ಎರಡನ್ನೂ ಅಂಗೈಯ ಹಿಂಬದಿಯಿಂದ ಹಚ್ಚಿಕೊಳ್ಳಿ, ಇಲ್ಲವೇ ಹಚ್ಚಿದ ಮೇಲೆ ಒದ್ದೆ ಮರಳಿನಲ್ಲಿ ಬೆರಳು ತಿಕ್ಕಿ ತೊಳೆದು ಆಮೇಲೆ ಲೈನು ಮುಟ್ಟಿ. ದೋಣಿಗೆ ಪೆಟ್ರೋಲ್ ತುಂಬಿಸಿದ ಕೈಗೂ ಇದೇ ನಿಯಮ. ಇನ್ನು ಬಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ ಲೈನಿಗೆ ಒಲೆಯಿದ್ದ ಹಾಗೆ. ಒಂದು ಬೇಸಿಗೆ ಅಲ್ಲಿ ಬಿಟ್ಟರೆ ಪ್ಲಾಸ್ಟಿಸೈಜರ್ ಸೋರಿ ಹೊದಿಕೆ ಬಿರುಸಾಗಿ ಬಿರುಕು ಬಿಡುತ್ತದೆ.

ಲೈನಿನ ಹಿಂದಿರುವ ಬ್ಯಾಕಿಂಗನ್ನು ಮರೆಯುವವರೇ ಹೆಚ್ಚು. ದೊಡ್ಡ ಮೀನು ಬ್ಯಾಕಿಂಗನ್ನು ನೀರಿಗೆಳೆದ ದಿನ ಆ ಹೆಣೆದ ದಾರ ಉಪ್ಪುನೀರು ಹೀರಿಕೊಂಡು ರೀಲಿನ ಒಡಲಿಗೆ ಮರಳುತ್ತದೆ. ತೊಳೆಯದಿದ್ದರೆ ವಾರಗಟ್ಟಲೆ ಅಲ್ಲೇ ಕೂತು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಅದನ್ನೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಸುತ್ತಬೇಕು. ರೀಲಿಗೆ ನಲ್ಲಿಯ ರಭಸದ ಧಾರೆ ಹಿಡಿಯಬೇಡಿ. ಉಪ್ಪು ಇನ್ನೂ ಒಳಕ್ಕೆ ಹೋಗುತ್ತದೆ. ಮೆಲ್ಲಗೆ ನೀರು ಹಾಯಿಸಿದರೆ ಸಾಕು.

ಬೆಳಗಿನ ಕೆಲಸವೂ ಒಂದಿದೆ. ರೀಲಿನ ಸುರುಳಿ ನೆನಪಿನಲ್ಲೇ ಉಳಿದ ಲೈನು ಹಲಗೆಯ ಮೇಲೆ ಗಂಟಾಗುತ್ತದೆ. ಎಸೆಯಲು ತೊಡಗುವ ಮೊದಲು ಅರವತ್ತು ಎಪ್ಪತ್ತು ಅಡಿ ಹೊರಗೆಳೆದು, ಗೆಳೆಯರೊಬ್ಬರ ಕೈಗೆ ತುದಿ ಕೊಟ್ಟು, ತೋಳಗಲ ತೋಳಗಲವಾಗಿ ಮೆಲ್ಲಗೆ ಜಗ್ಗಿದರೆ ನೇರವಾಗುತ್ತದೆ. ತಿರುಚಿಕೊಂಡ ಲೈನಿಗೆ ಬೇರೆ ಮದ್ದು: ಫ್ಲೈ ಬಿಚ್ಚಿ, ದೋಣಿ ಮೆಲ್ಲಗೆ ಸಾಗುವಾಗ ಲೈನನ್ನು ಹಿಂದೆ ಬಿಟ್ಟರೆ ನೀರೇ ತಿರುಚನ್ನು ಬಿಡಿಸುತ್ತದೆ.

ಯಾವಾಗ ಬಿಡಬೇಕು

ಲೈನಿನ ವಯಸ್ಸನ್ನು ವರ್ಷಗಳಲ್ಲಿ ಎಣಿಸುವುದಕ್ಕಿಂತ ಎಸೆತಗಳಲ್ಲಿ ಎಣಿಸಬೇಕು. ದಿನವೂ ನೀರಿಗಿಳಿಯುವ ಗೈಡುಗಳು ಒಂದೇ ಹಂಗಾಮಿಗೆ ಬದಲಿಸುತ್ತಾರೆ. ವರ್ಷಕ್ಕೆ ಒಂದು ವಾರ ಹೋಗುವವರು ತೊಳೆದು, ರೀಲಿನಿಂದ ಬಿಚ್ಚಿ ದೊಡ್ಡ ಸಡಿಲ ಸುರುಳಿಯಾಗಿ ತಂಪಾದ ಕತ್ತಲಲ್ಲಿ ಇಟ್ಟರೆ ಹಲವು ವರ್ಷ ನಡೆಸಬಹುದು.

ಪರೀಕ್ಷೆ ಸರಳ. ಹೆಡ್ಡಿನ ಭಾಗವನ್ನು ಇಂಚು ಇಂಚಾಗಿ ಬೆರಳಿಗೆ ಬಾಗಿಸಿ, ಬಾಗಿದ ಹೊರಮೈಯನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಅಡ್ಡಗೆರೆಗಳು ಕಂಡರೆ, ಉಗುರಿಗೆ ತಡೆದರೆ, ಅದು ಬಿರುಕು. ಬಿರುಕಿನಿಂದ ನೀರು ಕೋರ್ ಸೇರುತ್ತದೆ, ಲೈನು ಮುಳುಗತೊಡಗುತ್ತದೆ. ಮೂತಿಯ ಮೊದಲ ಅಡಿಯಲ್ಲಿದ್ದರೆ ಅಷ್ಟನ್ನು ಕತ್ತರಿಸಿ, ನೇಲ್ ಗಂಟು ಹಾಕಿ ಹೊಸ ಲೀಡರ್ ಕಟ್ಟಬಹುದು. ಕಾರ್ಖಾನೆಯಲ್ಲಿ ಬೆಸೆದ ಕುಣಿಕೆ ಸವೆದರೂ ಇದೇ ಪರಿಹಾರ. ಹೆಡ್ಡಿನ ನಡುವೆ ಬಿರುಕು ಎದ್ದರೆ, ಕೋರ್ ಕಣ್ಣಿಗೆ ಕಂಡರೆ, ಮುಂದಿನ ಪ್ರಯಾಣಕ್ಕೆ ಮೊದಲು ಹೊಸದು ಕೊಳ್ಳಿ. ಎರಡೂ ತುದಿ ಒಂದೇ ಥರವಿರುವ ಹಳೆಯ ಮಾದರಿಯ ಲೈನಿನಂತೆ ಇದನ್ನು ತಿರುಗಿಸಿ ಹಾಕಲು ಬರುವುದಿಲ್ಲ. ಬಿಟ್ಟ ಲೈನನ್ನು ನೀರಿಗೆ, ದಂಡೆಗೆ ಎಸೆಯಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸಲು ಯಾರೂ ಬರುವುದಿಲ್ಲ. ಮನೆಗೆ ತಂದು ತುಂಡು ತುಂಡು ಮಾಡಿ ಕಸಕ್ಕೆ ಹಾಕಿ.

ಕೀಸ್‌ನ ಆ ಬೆಳಗಿನ ಮೀನು ಹೋದ ಮರುವರ್ಷ ಅದೇ ತಿಂಗಳು ಅದೇ ಬಯಲಿಗೆ ಮತ್ತೆ ಹೋದೆ. ರಾಡ್ ಹಳೆಯದೇ, ರೀಲೂ ಹಳೆಯದೇ. ಹಿಂದಿನ ಸಂಜೆ ತೊಳೆದಿಟ್ಟಿದ್ದ, ಬಿಸಿಲಿಗೆಂದೇ ಮಾಡಿದ ಲೈನೊಂದು ಮಾತ್ರ ಹೊಸದು. ಹತ್ತು ಗಂಟೆಯ ಬಿಸಿಲಿಗೆ ಕಾದ ಹಲಗೆಯಿಂದ ಅದು ಒಂದೂ ತೊಡಕಿಲ್ಲದೆ ಎದ್ದು, ಬೆರಳ ನಡುವಿನಿಂದ ಸರ್ರನೆ ಜಾರಿ ಹೋಯಿತು. ಆ ಜಾರುವ ಸದ್ದನ್ನು ಒಮ್ಮೆ ಕೇಳಿದವರು ಸಂಜೆ ಎಷ್ಟೇ ದಣಿದಿದ್ದರೂ ಎರಡು ಬಕೆಟ್ ನೀರು ತುಂಬಿಸುತ್ತಾರೆ.